ಗೇಮ್ ಯಾರದು, ಕಥೆ ಯಾರದು?

ಆಟದ ಒಡೆಯರು ಯಾರು ಎಂಬ ಪ್ರಶ್ನೆ ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಹುಡುಗರನ್ನು ನೇರವಾಗಿ ತಟ್ಟಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಪಬ್ಜಿ ಎಂದರೆ ಪಬ್ಜಿ, ಅದರ ಹಿಂದೆ ಯಾರಿದ್ದಾರೆಂದು ಕೇಳುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ಆ ತಿಂಗಳ 2ರಂದು ಕೇಂದ್ರ ಸರ್ಕಾರ ಪಬ್ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್ಜಿಯ ಜಾತಕ ಹೊರಬಿತ್ತು. ಮೂಲ ಆಟ ದಕ್ಷಿಣ ಕೊರಿಯಾದ ಕ್ರಾಫ್ಟನ್ ಬಳಗದ್ದು. ಅದನ್ನು ಮೊಬೈಲ್‌ಗೆ ಇಳಿಸಿ ಹಂಚಿದ್ದು ಚೀನಾದ ಟೆನ್ಸೆಂಟ್. ನಿಷೇಧದ ಬೆನ್ನಲ್ಲೇ ಕೊರಿಯಾದವರು ಭಾರತದ ಹಂಚಿಕೆಯನ್ನು ಟೆನ್ಸೆಂಟ್ ಕೈಯಿಂದ ಬಿಡಿಸಿಕೊಂಡರು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಪ್ಯಾರಾಚೂಟ್ ಜಿಗಿತ, ಬಂದೂಕು, ಕುಗ್ಗುತ್ತ ಬರುವ ವೃತ್ತ ಎಲ್ಲವೂ ಇದ್ದಂತೆಯೇ ಇದ್ದವು. ಕೈ ಬದಲಾಗಿದ್ದು ಕಾಗದಪತ್ರಗಳ ಮೇಲೆ.

ಪಬ್ಜಿಯಂಥ ಆಟದಲ್ಲಿ ಕಥೆಗೆ ದೊಡ್ಡ ಜಾಗವಿಲ್ಲ. ಹಾಗಾಗಿ ಒಡೆಯ ಬದಲಾದರೂ ಆಡುವವನ ಕೈಗೆ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಗೇಮ್‌ಗಳ ಲೋಕದಲ್ಲಿ ಮೂವತ್ತು, ನಲವತ್ತು ತಾಸು ಕೂರಿಸಿಕೊಂಡು ಕಥೆ ಹೇಳುವ ಆಟಗಳೂ ಇವೆ. ಅವುಗಳಲ್ಲಿ ಪಾತ್ರಗಳು ಮಾತಾಡುತ್ತವೆ, ಆಡುವವನು ಉತ್ತರ ಕೊಡುತ್ತಾನೆ, ಕೊಟ್ಟ ಉತ್ತರಕ್ಕೆ ತಕ್ಕಂತೆ ಕಥೆ ತಿರುಗುತ್ತದೆ. ಅಲ್ಲಿ ಒಡೆತನ ಒಬ್ಬರದಾಗಿ, ಬರವಣಿಗೆ ಇನ್ನೊಬ್ಬರದಾದಾಗ ಏನಾಗುತ್ತದೆ ಎಂಬುದು ಕನ್ನಡಿಗರಿಗೂ ಸಂಬಂಧಪಟ್ಟ ವಿಷಯ. ಏಕೆಂದರೆ ಕನ್ನಡ ನಾಡಿನ ಚರಿತ್ರೆ ಈಗಾಗಲೇ ಕಥೆ ಹೇಳುವ ಒಂದು ಆಟದೊಳಗೆ ಹೋಗಿದೆ. ಅದನ್ನು ಬರೆದವರು ಕ್ಯಾಲಿಫೋರ್ನಿಯಾದವರು.

ಮೊದಲು ಈ ವ್ಯಾಪಾರದ ಪರಿಭಾಷೆ ಸ್ವಲ್ಪ ತಿಳಿದಿರಲಿ. ಒಂದು ಆಟ ಗೆದ್ದರೆ ಅದರ ಹೆಸರು, ಪಾತ್ರಗಳು, ಲೋಕ ಎಲ್ಲ ಸೇರಿ ಒಂದು ಆಸ್ತಿಯಾಗುತ್ತದೆ. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಹೊಲದಂತೆ ಇದನ್ನು ಮಾರಬಹುದು, ಗುತ್ತಿಗೆಗೆ ಕೊಡಬಹುದು, ಅಡವಿಡಬಹುದು. ಮುಖ್ಯ ಸರಣಿಯ ಪಕ್ಕದಲ್ಲಿ ಬೇರೆ ನಾಯಕ, ಬೇರೆ ಊರು ಇಟ್ಟುಕೊಂಡು ಕವಲೊಡೆಯುವ ಆಟ ಸ್ಪಿನ್-ಆಫ್. ಒಡೆಯ ಕಂಪನಿ ಮುಖ್ಯ ಆಟದ ಕೆಲಸದಲ್ಲಿ ಮುಳುಗಿರುವಾಗ ಇಂಥ ಕವಲು ಆಟವನ್ನು ಬೇರೆ ಸ್ಟುಡಿಯೊಗೆ ಗುತ್ತಿಗೆ ಕೊಡುವುದು ವಾಡಿಕೆ. ಗುತ್ತಿಗೆ ಹಿಡಿದವರಿಗೆ ಕೂಲಿ ಸಿಗುತ್ತದೆ. ಅವರು ಹುಟ್ಟಿಸಿದ ಪಾತ್ರಗಳು ಸಾಮಾನ್ಯವಾಗಿ ಒಡೆಯನ ಖಾತೆಗೆ ಸೇರುತ್ತವೆ.

ಕನ್ನಡ ನಾಡಿನ ಚರಿತ್ರೆ ಬಳಸಿಕೊಂಡ ಆ ಆಟದ ಹೆಸರು ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ಸೋನಿ ಒಡೆತನದ ನಾಟಿ ಡಾಗ್ ಸ್ಟುಡಿಯೊ ಇದನ್ನು 2017ರ ಆಗಸ್ಟ್‌ನಲ್ಲಿ ಹೊರತಂದಿತು. ಹಿಂದಿನ ವರ್ಷ ಬಂದಿದ್ದ ಅನ್‌ಚಾರ್ಟೆಡ್ 4ಕ್ಕೆ ಒಂದು ಪುಟ್ಟ ಬಾಲಂಗೋಚಿಯೆಂದು ಶುರುವಾದದ್ದು ಬೆಳೆದು ಸ್ವತಂತ್ರ ಆಟವಾಯಿತು. ಸರಣಿಯ ಹಳೆಯ ನಾಯಕ ನೇಥನ್ ಡ್ರೇಕ್‌ನನ್ನು ಬದಿಗಿಟ್ಟು, ಭಾರತೀಯ ತಂದೆಯ ಮಗಳು ಕ್ಲೋಯಿ ಫ್ರೇಜರ್ ಮತ್ತು ದಕ್ಷಿಣ ಆಫ್ರಿಕಾದ ನಾಡೀನ್ ರಾಸ್ ಎಂಬ ಇಬ್ಬರು ಹೆಂಗಸರನ್ನು ಮುಂದಕ್ಕೆ ತಂದಿತು. ಅವರು ಹುಡುಕುವುದು ಗಣೇಶನ ಮುರಿದ ದಂತವನ್ನು. ಹುಡುಕುವ ಜಾಗ ಪಶ್ಚಿಮ ಘಟ್ಟ. ಅಲ್ಲಿ ಅವರಿಗೆ ಎದುರಾಗುವುದು ಹೊಯ್ಸಳರ ಹಳೇಬೀಡು ಮತ್ತು ಬೇಲೂರು.

ಬರವಣಿಗೆಯ ಒಂದು ಪಾಲು ಈ ಆಟದಲ್ಲಿ ನಿಜವಾಗಿಯೂ ಚೆನ್ನಾಗಿದೆ. ಶಾನ್ ಎಸ್ಕೇಗ್ ಮತ್ತು ಜಾಶ್ ಶೆರ್ ಬರೆದ ಸಂಭಾಷಣೆಯಲ್ಲಿ ಇಬ್ಬರು ಅಪನಂಬಿಕೆಯ ಹೆಂಗಸರು ಜೀಪಿನಲ್ಲಿ ಕೂತು ಜಗಳವಾಡುತ್ತ, ಒಬ್ಬರ ಗಾಯ ಇನ್ನೊಬ್ಬರಿಗೆ ತೋರಿಸುತ್ತ ನಿಧಾನಕ್ಕೆ ಹತ್ತಿರವಾಗುತ್ತಾರೆ. ಕ್ಲೋಯಿ ತನ್ನ ತಂದೆಯ ನೆನಪನ್ನು ಅರೆಬರೆಯಾಗಿ ಬಿಚ್ಚುವ ರೀತಿ ಒಳ್ಳೆಯ ಕಥೆಗಾರರ ಕೈಕೆಲಸ. ಪರಶುರಾಮನ ಕೊಡಲಿಯಿಂದ ಗಣೇಶನ ದಂತ ಮುರಿದ ಪುರಾಣವನ್ನೂ ಗೌರವದಿಂದಲೇ ತಂದಿದ್ದಾರೆ.

ಊರು ಮಾತ್ರ ಅವರಿಗೆ ದಕ್ಕಲಿಲ್ಲ. ಆಟದಲ್ಲಿ ಬೇಲೂರು, ಹಳೇಬೀಡು ಎಂದರೆ ಜಲಪಾತಗಳ ಹಿಂದೆ, ದಟ್ಟ ಕಾಡಿನೊಳಗೆ ಲೋಕ ಮರೆತ ನಗರಗಳು. ನಿಜದ ಬೇಲೂರಿನಲ್ಲಿ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ, ರಥ ಎಳೆಯುತ್ತಾರೆ. ಅಲ್ಲಿಂದ ಹದಿನಾರು ಕಿಲೋಮೀಟರ್ ಆಚೆಗೆ ಹಳೇಬೀಡು. ದೋರಸಮುದ್ರ ಎಂಬ ಹೆಸರಿನಲ್ಲಿ ಅದು ರಾಜಧಾನಿಯಾಗಿತ್ತು, 1311ರಲ್ಲಿ ಮಲಿಕ್ ಕಾಫೂರನ ದಾಳಿ ಕಂಡಿತು. 2023ರಲ್ಲಿ ಸೋಮನಾಥಪುರದ ಜೊತೆ ಈ ಎರಡೂ ಯುನೆಸ್ಕೊ ಪಟ್ಟಿ ಸೇರಿದವು. ಹೊಯ್ಸಳರನ್ನು ಯಾರೂ ಮರೆತಿಲ್ಲ. ಕಳೆದುಹೋದ ನಗರ ಎಂಬುದು ಅನ್‌ಚಾರ್ಟೆಡ್ ಸರಣಿಯ ಕಾಯಂ ಅಚ್ಚು. ಆಟದ ಲೋಕಕ್ಕೆ ಬರುವ ಯಾವ ನಾಡೂ ಆ ಅಚ್ಚಿಗೆ ಹೊಂದಿಕೊಳ್ಳಲೇಬೇಕು, ಹೊಯ್ಸಳ ನಾಡೂ ಹೊಂದಿಕೊಂಡಿತು.

ಅಸಲಿ ಕಥೆ ಬೇಕಿದ್ದರೆ ಅವರು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ಬರಬೇಕಿತ್ತು. ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ಗಟ್ಟಿ ನೆಲೆ ಅದು. 1170ರ ದಶಕದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಆ ಬೆಟ್ಟದ ಕೋಟೆಯನ್ನು ಗೆದ್ದ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಅವನಿಗೆ ಬಂದದ್ದು ಈ ಗೆಲುವಿನಿಂದ. ಶರಣು ಬಂದ ಪಾಂಡ್ಯನಿಗೆ ರಾಜ್ಯವನ್ನು ಮರಳಿಸಿದನೆಂದು ಶಾಸನಗಳು ಹೇಳುತ್ತವೆ. ಮುತ್ತಿಗೆಯಿದೆ, ಸೋಲಿದೆ, ಶರಣಾಗತಿಯಿದೆ, ಗೆದ್ದವನು ಕೊಟ್ಟ ಮರುಜೀವವಿದೆ. ಒಂದು ಕಥೆಯಾಟಕ್ಕೆ ಬೇಕಾದ ಸಂಕಟವೆಲ್ಲ ಅಲ್ಲೇ ಇದೆ. ಅದನ್ನು ಹೇಳಬಲ್ಲವರು ಮೇಜಿನ ಸುತ್ತ ಕೂತಿರಲಿಲ್ಲ, ಅಷ್ಟೆ.

ಹಾಗಾದರೆ ಒಡೆಯನೇ ಬರೆದರೆ ಕಥೆ ಚೆನ್ನ, ಗುತ್ತಿಗೆದಾರ ಬರೆದರೆ ಕಳಪೆ ಎಂಬ ಸಾಮಾನ್ಯ ನಂಬಿಕೆ ಎಷ್ಟು ನಿಜ? ಲಾಸ್ಟ್ ಲೆಗಸಿ ಒಡೆಯರ ಮನೆಯಲ್ಲೇ ತಯಾರಾದ ಆಟ, ಆದರೂ ಊರು ತಪ್ಪಿತು. ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೊಂದು ಗೇಮ್ ಚರಿತ್ರೆಯಲ್ಲಿ ಇದೆ. ಗುತ್ತಿಗೆಗೆ ಕೊಟ್ಟ ಕವಲು ಆಟವೊಂದು ಒಡೆಯನ ಮುಖ್ಯ ಆಟಕ್ಕಿಂತ ಬರವಣಿಗೆಯಲ್ಲಿ ಮೇಲು ಎಂದು ಅಸಂಖ್ಯ ಆಟಗಾರರು ಇಂದಿಗೂ ವಾದಿಸುತ್ತಾರೆ. ಅದು ಫಾಲ್‌ಔಟ್: ನ್ಯೂ ವೇಗಾಸ್.

ಫಾಲ್‌ಔಟ್ ಹುಟ್ಟಿದ್ದು 1997ರಲ್ಲಿ, ಅಮೆರಿಕದ ಇಂಟರ್‌ಪ್ಲೇ ಕಂಪನಿಯಲ್ಲಿ. ಅಣುಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ, ಪಾಳುಬಿದ್ದ ನಾಡಿನಲ್ಲಿ ಮನುಷ್ಯರು ಹೇಗೆ ಬದುಕಿಯಾರು ಎಂಬುದು ಅದರ ವಸ್ತು. ಇಂಟರ್‌ಪ್ಲೇಯ ಬ್ಲ್ಯಾಕ್ ಐಲ್ ಎಂಬ ವಿಭಾಗ ಮೂರನೆಯ ಭಾಗವನ್ನು ಬರೆಯುತ್ತಿದ್ದಾಗಲೇ ಕಂಪನಿ ಸಾಲದಲ್ಲಿ ಮುಳುಗಿತು. 2003ರಲ್ಲಿ ವಿಭಾಗವೂ ಮುಚ್ಚಿತು. ಅಲ್ಲಿಂದ ಹೊರಬಿದ್ದ ಫರ್ಗಸ್ ಅರ್ಕಾರ್ಟ್, ಕ್ರಿಸ್ ಅವೆಲೋನ್ ಮುಂತಾದವರು ಅಬ್ಸಿಡಿಯನ್ ಎಂಬ ಹೊಸ ಸ್ಟುಡಿಯೊ ಕಟ್ಟಿಕೊಂಡರು. ಫಾಲ್‌ಔಟ್ ಹೆಸರನ್ನು ಮಾತ್ರ ಜೊತೆಗೆ ಒಯ್ಯುವಂತಿರಲಿಲ್ಲ. ಅದನ್ನು ಬೆಥೆಸ್ಡಾ ಕಂಪನಿ 2004ರಲ್ಲಿ ಪರವಾನಗಿಯಾಗಿ ಪಡೆದು, 2007ರಲ್ಲಿ 57.5 ಲಕ್ಷ ಡಾಲರ್‌ಗೆ ಪೂರ್ತಿಯಾಗಿ ಕೊಂಡುಕೊಂಡಿತು. ಮರುವರ್ಷವೇ ವಾಷಿಂಗ್ಟನ್ ಸುತ್ತಮುತ್ತ ನಡೆಯುವ ಫಾಲ್‌ಔಟ್ 3 ಬಂತು, ಭರ್ಜರಿಯಾಗಿ ಓಡಿತು.

ಬೆಥೆಸ್ಡಾ ಮುಂದಿನ ಆಟದಲ್ಲಿ ಮಗ್ನವಾಗಿದ್ದಾಗ ಕವಲು ಆಟದ ಗುತ್ತಿಗೆ ಸಿಕ್ಕಿದ್ದು ಅದೇ ಅಬ್ಸಿಡಿಯನ್‌ಗೆ. ತಾವೇ ಸಾಕಿದ ಲೋಕಕ್ಕೆ ಹಳೆಯ ಬರಹಗಾರರು ಕೂಲಿಯವರಾಗಿ ಮರಳಿದರು. ಕೊಟ್ಟ ಗಡುವು ಸುಮಾರು 18 ತಿಂಗಳು. 2010ರ ಅಕ್ಟೋಬರ್‌ನಲ್ಲಿ ನ್ಯೂ ವೇಗಾಸ್ ಹೊರಬಂತು. ನಿರ್ದೇಶಕ ಜಾಶ್ ಸಾಯರ್, ಮುಖ್ಯ ಬರಹಗಾರ ಜಾನ್ ಗೊಂಜಾಲೆಜ್. ರದ್ದಾಗಿದ್ದ ಹಳೆಯ ಮೂರನೆಯ ಭಾಗದ ಹಲವು ಕಲ್ಪನೆಗಳನ್ನು ಅವರು ಇಲ್ಲಿ ಬಳಸಿಕೊಂಡರು. ಅಂದರೆ ಒಪ್ಪಂದದ ಪ್ರಕಾರ ಬರವಣಿಗೆಗೆ ಸಿಕ್ಕ ಕಾಲ ಒಂದೂವರೆ ವರ್ಷವಾದರೂ, ಅದರ ಹಿಂದೆ ಹಲವು ವರ್ಷಗಳ ಯೋಚನೆ ಕೂಡಿತ್ತು.

ಆ ಯೋಚನೆಯ ಫಲ ಆಟದುದ್ದಕ್ಕೂ ಕಾಣುತ್ತದೆ. ಮೊಹಾವೆ ಮರುಭೂಮಿಯಲ್ಲಿ ಪತ್ರ ಒಯ್ಯುವ ಒಬ್ಬ ಅಂಚೆಯಾಳನ್ನು ಗುಂಡಿಕ್ಕಿ ಗುಂಡಿಗೆ ಎಸೆಯುವುದರಿಂದ ಕಥೆ ಶುರು. ಬದುಕುಳಿದ ಆ ಅಂಚೆಯಾಳೇ ಆಡುವವನು. ಅವನ ಸುತ್ತ ಹೂವರ್ ಅಣೆಕಟ್ಟಿಗಾಗಿ ಬಡಿದಾಡುವ ಬಣಗಳು. ನೀರು ಮತ್ತು ಕರೆಂಟು ಯಾರ ಕೈಲಿದೆಯೋ ಸೀಮೆ ಅವರದು. ತುಂಗಭದ್ರೆಯ ನೀರಿನ ಲೆಕ್ಕಾಚಾರ ನೋಡುತ್ತ ಬೆಳೆದವರಿಗೆ, ಹಿನ್ನೀರಿನಲ್ಲಿ ಮುಳುಗಿದ ಊರುಗಳ ನೆನಪಿರುವ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯವರಿಗೆ ಈ ಜಗಳದ ತೂಕವನ್ನು ಯಾರೂ ವಿವರಿಸಬೇಕಿಲ್ಲ. ಬಣಗಳಲ್ಲಿ ಯಾರೂ ಪೂರ್ತಿ ಒಳ್ಳೆಯವರಲ್ಲ. ಗಣರಾಜ್ಯ ಎಂಬ ಬಣದವರು ಕಾನೂನು ತರುತ್ತಾರೆ, ಜೊತೆಗೆ ತೆರಿಗೆ ಮತ್ತು ದುರಾಸೆಯನ್ನೂ ತರುತ್ತಾರೆ. ಸೀಸರ್ ಎಂದು ಹೆಸರಿಟ್ಟುಕೊಂಡವನು ದರೋಡೆ ನಿಲ್ಲಿಸುತ್ತಾನೆ, ಬದಲಿಗೆ ಜನರನ್ನು ಗುಲಾಮರನ್ನಾಗಿಸುತ್ತಾನೆ. ಕೊನೆಯಲ್ಲಿ ಎದುರಾಗುವ ಸೇನಾಪತಿಯನ್ನು ಕಾದಾಡಿ ಕೊಲ್ಲಬಹುದು. ಮಾತಿನಲ್ಲೇ ಗೆದ್ದು, ಈ ಯುದ್ಧ ನಿನಗೆ ದಕ್ಕುವುದಲ್ಲವೆಂದು ಮನವರಿಕೆ ಮಾಡಿ, ಹಿಂದಕ್ಕೆ ಕಳಿಸಲೂಬಹುದು. ಬಂದೂಕಿನ ಆಟದಲ್ಲಿ ಮಾತಿಗೆ ಇಷ್ಟು ಬಲ ಕೊಡಬೇಕೆಂದು ಬರಹಗಾರರು ಪಟ್ಟು ಹಿಡಿದಿದ್ದರಿಂದಲೇ ಅದು ಸಾಧ್ಯವಾಯಿತು.

ಅವಸರದ ಬೆಲೆಯೂ ಕಾಣಿಸಿತು. ಬಿಡುಗಡೆಯಾದ ದಿನಗಳಲ್ಲಿ ಆಟ ತುಂಬ ದೋಷಗಳಿಂದ ಕೂಡಿತ್ತು, ನಡುನಡುವೆ ನಿಂತುಬಿಡುತ್ತಿತ್ತು. ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ 85 ಅಂಕ ಬಂದರೆ ಸ್ಟುಡಿಯೊಗೆ ಬೋನಸ್ ಎಂಬ ಷರತ್ತಿತ್ತು. ಬಂದದ್ದು 84. ಒಂದೇ ಅಂಕಕ್ಕೆ ಬೋನಸ್ ಕೈತಪ್ಪಿದ್ದನ್ನು ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಲೋಕವನ್ನು ಕಟ್ಟಿದವರಿಗೆ ಸಿಕ್ಕಿದ್ದು ಗೊತ್ತುಮಾಡಿದ ಹಣ. ಆ ಲೋಕದಿಂದ ಮುಂದೆ ಬಂದದ್ದೆಲ್ಲ ಒಡೆಯರದು. 2024ರಲ್ಲಿ ಅಮೆಜಾನ್‌ನಲ್ಲಿ ಬಂದ ಫಾಲ್‌ಔಟ್ ಧಾರಾವಾಹಿ ತನ್ನ ಎರಡನೆಯ ಸೀಸನ್‌ನಲ್ಲಿ ನ್ಯೂ ವೇಗಾಸ್ ಊರಿಗೇ ಹೋಯಿತು. ಅಬ್ಸಿಡಿಯನ್ ಅನ್ನು 2018ರಲ್ಲಿ ಮತ್ತು ಬೆಥೆಸ್ಡಾದ ಮಾತೃಸಂಸ್ಥೆಯನ್ನು 2021ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಹೀಗಾಗಿ ಒಡೆಯ, ಗುತ್ತಿಗೆದಾರ ಇಬ್ಬರಿಗೂ ಈಗ ಒಬ್ಬನೇ ದಣಿ.

ಅದೇ ಅಬ್ಸಿಡಿಯನ್ 2004ರಲ್ಲಿ ಸ್ಟಾರ್ ವಾರ್ಸ್‌ನ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ ಆಟದ ಎರಡನೆಯ ಭಾಗವನ್ನು ಗುತ್ತಿಗೆಯ ಮೇಲೆ ಮಾಡಿಕೊಟ್ಟಿತ್ತು. ಮೊದಲ ಭಾಗ ಬಯೋವೇರ್‌ನದು, ಹಕ್ಕು ಲ್ಯೂಕಾಸ್‌ಆರ್ಟ್ಸ್‌ನದು. ಕ್ರಿಸ್‌ಮಸ್ ಮಾರಾಟಕ್ಕೆ ಆಟ ಅಂಗಡಿಯಲ್ಲಿರಬೇಕೆಂಬ ಒತ್ತಾಯಕ್ಕೆ ಕೊನೆಯ ಭಾಗಗಳನ್ನು ಕತ್ತರಿಸಬೇಕಾಯಿತು. ಕ್ರಿಯಾ ಎಂಬ ಮುದಿ ಗುರುವಿನ ಪಾತ್ರ ಗೇಮ್ ಬರವಣಿಗೆಯ ಅತ್ಯುತ್ತಮ ಪಾತ್ರಗಳಲ್ಲಿ ಒಂದು. ಅವಳ ಕಥೆ ಮುಗಿಯುವ ಹೊತ್ತಿಗೆ ಆಟ ಏದುಸಿರು ಬಿಡುತ್ತದೆ. ಕಡತಗಳಲ್ಲಿ ಉಳಿದುಹೋಗಿದ್ದ ತುಣುಕುಗಳನ್ನು ಅಭಿಮಾನಿಗಳೇ ವರ್ಷಗಟ್ಟಲೆ ಕೂತು ಜೋಡಿಸಿ ಮತ್ತೆ ಆಟಕ್ಕೆ ಸೇರಿಸಿದರು. ಬರಹಗಾರರು ಅದೇ ಬಳಗದವರು, ಪ್ರತಿಭೆಯೂ ಅದೇ. ಕಾಲ ಸಿಗದಿದ್ದುದರಿಂದ ಕಥೆ ಕುಂಟಿತು.

ಒಡೆತನದ ಪೆಟ್ಟು ಇನ್ನೂ ನೇರವಾಗಿ ಬಿದ್ದದ್ದು ಡಿಸ್ಕೋ ಎಲಿಸಿಯಂ ಆಟಕ್ಕೆ. ಎಸ್ಟೋನಿಯಾದ ರಾಬರ್ಟ್ ಕುರ್ವಿಟ್ಸ್ ತಮ್ಮದೇ ಕಾದಂಬರಿಯ ಲೋಕವನ್ನು 2019ರಲ್ಲಿ ಗೇಮ್ ಆಗಿ ಕಟ್ಟಿದರು. ನೆನಪು ಕಳೆದುಕೊಂಡ, ಕುಡಿತದಿಂದ ಹಾಳಾದ ಒಬ್ಬ ಪತ್ತೇದಾರನ ತಲೆಯೊಳಗಿನ ದನಿಗಳೇ ಪಾತ್ರಗಳಾಗಿ ಮಾತಾಡುವ ಈ ಆಟ ಕಥನಕ್ಕಾಗಿ ಬಾಫ್ತಾ ಪ್ರಶಸ್ತಿ ಗೆದ್ದಿತು. ಕುರ್ವಿಟ್ಸ್ ಮತ್ತು ಕೆಲವು ಮುಖ್ಯ ಸಂಗಡಿಗರು ತಮ್ಮ ಇಚ್ಛೆಗೆ ವಿರುದ್ಧವಾಗಿ ಸ್ಟುಡಿಯೊದಿಂದ ಹೊರಗಾದ ಸುದ್ದಿ 2022ರಲ್ಲಿ ಬಹಿರಂಗವಾಯಿತು, ವ್ಯಾಜ್ಯ ಕೋರ್ಟು ಹತ್ತಿತು. ಪೋಲೆಂಡಿನ ಆಂದ್ರೇ ಸಪ್ಕೋವ್‌ಸ್ಕಿಯದು ಇನ್ನೊಂದು ಬಗೆ. ತಮ್ಮ ವಿಚರ್ ಕಥೆಗಳ ಗೇಮ್ ಹಕ್ಕನ್ನು ಕೊಡುವಾಗ ಲಾಭದ ಪಾಲು ಬೇಡವೆಂದು ಒಂದೇ ಗಂಟಿನ ಹಣ ಪಡೆದರು. ಆಟಗಳು ಜಗತ್ತನ್ನೇ ಗೆದ್ದ ಮೇಲೆ 2018ರಲ್ಲಿ 6 ಕೋಟಿ ಜ್ಲೋಟಿ ಕೇಳಿದರು. 2019ರ ಕೊನೆಗೆ ಸಿಡಿ ಪ್ರೊಜೆಕ್ಟ್ ಕಂಪನಿ ಅವರೊಂದಿಗೆ ಹೊಸ ಒಪ್ಪಂದ ಮಾಡಿಕೊಂಡಿತು. ಬರಹಗಾರ ತನ್ನ ಕಥೆಯ ಬೆಲೆಯನ್ನು ಸಹಿ ಹಾಕುವ ದಿನ ಊಹಿಸಲಾರ. ಆದ್ದರಿಂದಲೇ ಒಪ್ಪಂದದಲ್ಲಿ ಮುಂದಿನ ಪಾಲು ಬರೆದಿರಬೇಕು.

ಈಗ ಕರ್ನಾಟಕಕ್ಕೆ ಬರೋಣ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ಮಿಷನ್ ಇಂಪಾಸಿಬಲ್ ಆಟವನ್ನು ಕಂಪ್ಯೂಟರ್‌ಗೆ ಇಳಿಸುವ ಕೆಲಸ ಅದರ ಮೊದಲ ದೊಡ್ಡ ಗುತ್ತಿಗೆಗಳಲ್ಲಿ ಸೇರಿದೆ. ಮುಂದೆ ಅದು ಫೋರ್ಜಾದಂಥ ಹೆಸರಾಂತ ಸರಣಿಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. ಜಗತ್ತಿನ ಮಕ್ಕಳು ಓಡಿಸಿದ ಎಷ್ಟೋ ಕಾರುಗಳ ಮೈ ತಿದ್ದಿದವರು ಬೆಂಗಳೂರಿನ ಕಲಾವಿದರು. ಕೊನೆಗೆ ಆ ಸ್ಟುಡಿಯೊವೇ ಕೈಯಿಂದ ಕೈಗೆ ಹೋಯಿತು. ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. ಆ ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಾಗ 2019ರ ಮೇ ತಿಂಗಳಲ್ಲಿ 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಜಿಟಿಎ ಸರಣಿಯ ಒಡೆಯರ ಬೆಂಗಳೂರು ಕಚೇರಿಯಲ್ಲಿ ಧ್ರುವ ಕರಗಿತು.

ಪುಣೆಯ ಕಥೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನು 1989ರಲ್ಲಿ ಬರೆದ ಜೋರ್ಡಾನ್ ಮೆಕ್ನರ್ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಆದ್ದರಿಂದಲೇ 2003ರಲ್ಲಿ ಯೂಬಿಸಾಫ್ಟ್ ಹೊರತಂದ ದಿ ಸ್ಯಾಂಡ್ಸ್ ಆಫ್ ಟೈಮ್‌ಗೆ ಅವರ ಒಪ್ಪಿಗೆ ಬೇಕಾಯಿತು, ಚಿತ್ರಕಥೆಯನ್ನೂ ಅವರೇ ಬರೆದರು. ರಾಜಕುಮಾರ ತಾನೇ ತನ್ನ ಕಥೆ ಹೇಳುವ, ತಪ್ಪಿ ಸತ್ತರೆ ಹಾಗಲ್ಲ ನಡೆದದ್ದು ಎಂದು ತಿದ್ದಿಕೊಳ್ಳುವ ಆ ನಿರೂಪಣೆ ಇವತ್ತಿಗೂ ಮಾದರಿ. ಅದರ ಮರುನಿರ್ಮಾಣವನ್ನು 2020ರಲ್ಲಿ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳ ಕೆಲಸವೆಂದು ಘೋಷಿಸಿದಾಗ ಭಾರತದ ಗೇಮ್ ಕಸುಬುದಾರರು ಹೆಮ್ಮೆಪಟ್ಟರು. ಮೊದಲ ತುಣುಕಿನ ಚಿತ್ರಗಳಿಗೆ ಟೀಕೆ ಬಂತು, ಬಿಡುಗಡೆ ಮುಂದಕ್ಕೆ ಹೋಯಿತು, 2022ರಲ್ಲಿ ಕೆಲಸವನ್ನೇ ಕೆನಡಾದ ಮಾಂಟ್ರಿಯಲ್‌ಗೆ ಎತ್ತಿಕೊಂಡು ಹೋದರು. ಬೇರೆಯವರ ಆಸ್ತಿಯಲ್ಲಿ ದುಡಿಯುವವನಿಗೆ ಕಲಿಯುತ್ತ ತಪ್ಪು ತಿದ್ದಿಕೊಳ್ಳುವ ಅವಕಾಶ ಎಷ್ಟು ಕಡಿಮೆ ಎಂಬುದು ಇದರಲ್ಲಿ ಕಾಣುತ್ತದೆ.

ಕಾರಿನ ಮೈ, ಕೋಟೆಯ ಕಲ್ಲು, ಮುಖದ ಗೆರೆ ಇವನ್ನೆಲ್ಲ ಕೊಟ್ಟ ನಾಡಿನಿಂದ ಮಾತು ಮಾತ್ರ ಯಾರೂ ಕೇಳಲಿಲ್ಲ. ಮಾತಿನ ಬರವೇನೂ ಇಲ್ಲಿಲ್ಲ. ನಗೆಬರಹದ ಬೀಚಿ 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಅರಮನೆ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪ ಕೊಟ್ಟೂರಿನವರು. ಅವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಕೊಟ್ರೇಶಿ ಕನಸು ರಾಷ್ಟ್ರಪ್ರಶಸ್ತಿ ಗೆದ್ದಿತು, ಹುಡುಗನ ಪಾತ್ರ ಮಾಡಿದ ವಿಜಯ್ ರಾಘವೇಂದ್ರ ಅವರಿಗೂ ಪ್ರಶಸ್ತಿ ಬಂತು. ಸಿನಿಮಾದವರು ಈ ಸೀಮೆಯ ಕಥೆಗಾರರನ್ನು ಹುಡುಕಿ ಬಂದರೆ ಗೇಮ್‌ನವರೂ ಬರಬಹುದು.

ಗುತ್ತಿಗೆ ಎಂಬುದು ಈ ಸೀಮೆಗೆ ಹೊಸತೂ ಅಲ್ಲ. ಈ ಹಳ್ಳಿಗಳ ದೊಡ್ಡಾಟದಲ್ಲಿ ಊರವರು ಆಟ ಕಲಿಸಲು ಬೇರೆ ಊರಿನ ಮಾಸ್ತರನನ್ನು ಗೊತ್ತು ಮಾಡುತ್ತಾರೆ. ಪ್ರಸಂಗ ಕುಮಾರರಾಮನದೋ, ಬಬ್ರುವಾಹನನದೋ, ಅದಕ್ಕೆ ಒಡೆಯರಿಲ್ಲ. ಮಾಸ್ತರ ಊರಲ್ಲೇ ಉಳಿದು ರಾತ್ರಿ ತಾಲೀಮು ನಡೆಸುತ್ತಾನೆ. ಯಾರ ಗಂಟಲು ದೊಡ್ಡದು, ಯಾರ ಬಾಯಲ್ಲಿ ಯಾವ ಮಾತು ಕೂರುತ್ತದೆ ಎಂದು ನೋಡಿ ಮಾತನ್ನು ತಿದ್ದುತ್ತಾನೆ. ಸಾರಥಿ ಪಾತ್ರದವನು ಊರಿನ ಸುದ್ದಿಯನ್ನೇ ಕಥೆಯೊಳಗೆ ಎಳೆದು ತರುತ್ತಾನೆ. ಮಾಸ್ತರ ಹೊರಗಿನವನಾದರೂ ಆಟ ಊರಿನದೇ ಆಗುತ್ತದೆ, ಏಕೆಂದರೆ ಅವನಿಗೆ ಕಾಲವಿದೆ, ತಿದ್ದುವ ಅಧಿಕಾರವಿದೆ, ಎದುರಿಗೆ ಊರಿದೆ. ನ್ಯೂ ವೇಗಾಸ್ ಗೆದ್ದದ್ದು, ಸ್ಟಾರ್ ವಾರ್ಸ್ ಆಟ ಕುಂಟಿದ್ದು, ಲಾಸ್ಟ್ ಲೆಗಸಿ ಊರು ತಪ್ಪಿದ್ದು ಮೂರನ್ನೂ ಈ ಮೂರು ಮಾತಿನಿಂದ ಅಳೆಯಬಹುದು. ಒಡೆಯ ಯಾರು ಎಂಬುದು ಲಾಭ ಯಾರಿಗೆ ಹೋಗುತ್ತದೆಂದು ಹೇಳುತ್ತದೆ. ಕಥೆಯ ಗುಣ ನಿಲ್ಲುವುದು ಬರೆಯುವವರಿಗೆ ಸಿಕ್ಕ ಕಾಲ, ಅಧಿಕಾರ ಮತ್ತು ನೆಲದ ಪರಿಚಯದ ಮೇಲೆ.

ನೆಲದ ಪರಿಚಯವಿದ್ದರೆ ಎಂಥ ಆಟ ಹುಟ್ಟಬಹುದು ಎಂಬುದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರವನ್ನು ನೋಡಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಜನಸಾಗರವನ್ನು ಸದ್ದಡಗಿಸಿ ಒಂದೇ ಒಂದು ಮಾತಿನ ಕಾರ್ಣಿಕ ನುಡಿಯುತ್ತಾನೆ. ಆ ಒಂದು ಸಾಲನ್ನು ರೈತ ಮಳೆಗೆ, ವ್ಯಾಪಾರಿ ಧಾರಣೆಗೆ, ರಾಜಕಾರಣಿ ಕುರ್ಚಿಗೆ ಹೊಂದಿಸಿಕೊಂಡು ಮನೆಗೆ ಹೋಗುತ್ತಾನೆ. ಕೇಳಿದವನ ಮೇಲೆ ಅರ್ಥ ನಿಂತಿರುವ ಇಂಥ ಸಾಲು ಬರೆಯಲು ಗೇಮ್ ಬರಹಗಾರರು ಹೆಣಗುತ್ತಾರೆ. ಆಡುವವನ ಆಯ್ಕೆಗೆ ಜಾಗ ಬಿಡುವ ಮಾತೇ ಅವರ ಕಸುಬಿನ ಜೀವಾಳ. ಇಲ್ಲಿ ಅದು ಪ್ರತಿ ವರ್ಷ ಬಯಲಲ್ಲಿ ನಡೆಯುತ್ತದೆ.

ಕಾನೂನು ಈ ಬರಹಗಾರರ ಕೈಗೆ ಏನು ಕೊಟ್ಟಿದೆ ಎಂಬುದನ್ನೂ ತಿಳಿದಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿಡಿಯೊ ಗೇಮ್ ಎಂಬ ಪ್ರತ್ಯೇಕ ವರ್ಗವಿಲ್ಲ. ಅದರ ಪ್ರೋಗ್ರಾಂ, ಚಿತ್ರ, ಸಂಗೀತ, ಸಂಭಾಷಣೆ ಬೇರೆಬೇರೆಯಾಗಿ ರಕ್ಷಣೆ ಪಡೆಯುತ್ತವೆ. ಸಂಬಳದ ನೌಕರಿಯಲ್ಲಿದ್ದು ಬರೆದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 17ನೆಯ ಕಲಮಿನಂತೆ ಮೊದಲ ಒಡೆಯ ಮಾಲೀಕನೇ. ಹೊರಗಿನಿಂದ ಬರೆದುಕೊಡುವವರು ಹಕ್ಕು ಬಿಟ್ಟುಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 19ನೆಯ ಕಲಮು ಅದನ್ನು ಐದು ವರ್ಷವೆಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಎಣಿಸುತ್ತದೆ. 57ನೆಯ ಕಲಮು ಎಲ್ಲಕ್ಕಿಂತ ಮುಖ್ಯ. ಹಕ್ಕನ್ನು ಪೂರ್ತಿ ಮಾರಿದ ಮೇಲೂ ಇದು ತಾನು ಬರೆದದ್ದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ವಿಶೇಷ ಹಕ್ಕು ಬರಹಗಾರನಲ್ಲೇ ಉಳಿಯುತ್ತದೆ. ಕುಮಾರರಾಮನ ಕಥೆ ಎಲ್ಲರದು, ಯಾರು ಬೇಕಾದರೂ ಬಳಸಬಹುದು. ಆ ಕಥೆಗೆ ಒಬ್ಬ ಬರಹಗಾರ ಬರೆದ ಸಂಭಾಷಣೆ ಅವನದು.

ಕರ್ನಾಟಕ ಸರ್ಕಾರ 2012ರಿಂದಲೂ ಆ್ಯನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ಇಟ್ಟುಕೊಂಡಿದೆ, ಈಗ ಚಾಲ್ತಿಯಲ್ಲಿರುವುದು 2024ರಿಂದ 2029ರವರೆಗಿನದು. ಉದ್ಯೋಗ, ತರಬೇತಿ, ಹೂಡಿಕೆಯ ಜೊತೆಗೆ ಬರವಣಿಗೆಗೂ ಅದರಲ್ಲಿ ಜಾಗ ಬೇಕು. ಸರ್ಕಾರದ ನೆರವು ಪಡೆಯುವ ಸ್ಟುಡಿಯೊ ತನ್ನ ಬರಹಗಾರರ ಹೆಸರನ್ನು ಆಟದಲ್ಲಿ ತೋರಿಸಬೇಕು, ಅವರ ಒಪ್ಪಂದದಲ್ಲಿ ಅವಧಿ ಮತ್ತು ಪಾಲು ಸ್ಪಷ್ಟವಾಗಿರಬೇಕು ಎಂಬ ಷರತ್ತು ಹಾಕಲು ದೊಡ್ಡ ಖರ್ಚೇನೂ ಇಲ್ಲ. ಜನಪದ ಮಹಾಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ವಿಜಯನಗರ ಜಿಲ್ಲೆಯಲ್ಲಿದೆ. ಬೆಂಗಳೂರಿನ ಕಲಾವಿದರಿಗೂ ಆ ಸಂಗ್ರಹಕ್ಕೂ ನಡುವೆ ಇರುವುದು ಒಂದು ರಾತ್ರಿಯ ಬಸ್ ಪ್ರಯಾಣ.

ನೂರು ಕೋಟಿಯ ಆಟವೇ ಆಗಬೇಕೆಂದಿಲ್ಲ. ಕೆನಡಾದ ಟೊರಾಂಟೊದಲ್ಲಿ ವಿಸಾಯಿ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ವೆಣ್ಬಾ ಎಂಬ ಆಟ ತಂದಿತು. 1980ರ ದಶಕದಲ್ಲಿ ಅಲ್ಲಿಗೆ ವಲಸೆ ಹೋದ ತಮಿಳು ತಾಯಿ, ಹರಿದುಹೋದ ಅಡುಗೆ ಪುಸ್ತಕ, ಮನೆಯ ಭಾಷೆಯಿಂದ ದೂರವಾಗುವ ಮಗ ಇಷ್ಟೇ ಅದರ ಬಂಡವಾಳ. ಆಡಿ ಮುಗಿಸಲು ಒಂದೂವರೆ ತಾಸು ಸಾಕು. 2024ರಲ್ಲಿ ಮೊದಲ ಪ್ರಯತ್ನದ ಆಟಕ್ಕೆ ಕೊಡುವ ಬಾಫ್ತಾ ಅದಕ್ಕೆ ಬಂತು. ಇಡ್ಲಿ ಬೇಯಿಸುವ ಕ್ರಮ ತಪ್ಪಿದರೆ ಆಟ ಮುಂದಕ್ಕೆ ಹೋಗುವುದಿಲ್ಲ. ಆ ಮನೆಯನ್ನು ಒಳಗಿನಿಂದ ಬಲ್ಲವರಷ್ಟೇ ಹೀಗೆ ಕಟ್ಟಬಲ್ಲರು.

ಅಷ್ಟೇ ಸಣ್ಣದಾಗಿ ಉಚ್ಚಂಗಿಯ ಮುತ್ತಿಗೆಯನ್ನು ಕಟ್ಟಬಹುದು. ಆಡುವವನು ಗೆಲ್ಲಲು ಬಂದ ಬಲ್ಲಾಳನಾಗುವುದು ಬೇಡ, ಕೋಟೆಯೊಳಗಿನ ಪಾಂಡ್ಯನಾಗಲಿ. ಕೆಳಗೆ ಹೊಯ್ಸಳರ ಸೇನೆ, ಒಳಗೆ ಬತ್ತುತ್ತಿರುವ ಹೊಂಡ, ಕಾಯುತ್ತಿರುವ ಜನ, ಕಾದಾಡೋಣ ಎನ್ನುವ ನಾಯಕರು, ಬಾಗಿಲು ತೆರೆಯೋಣ ಎನ್ನುವ ಹಿರಿಯರು. ಶರಣಾದರೆ ರಾಜ್ಯ ಮರಳಿ ಸಿಕ್ಕೀತೆಂದು ಆ ಹೊತ್ತಿಗೆ ಅವನಿಗೆ ಗೊತ್ತಿಲ್ಲ. ಪ್ರತಿ ಬಾಯಿಗೂ ತಕ್ಕ ಕನ್ನಡ ಬೇಕು, ಅರಮನೆಯದು ಬೇರೆ, ಕಾವಲಿನವನದು ಬೇರೆ, ನೀರು ಹೊರುವವಳದು ಬೇರೆ. ಆ ಕನ್ನಡ ಬರೆಯಬಲ್ಲವರು ಈ ಐದು ತಾಲ್ಲೂಕುಗಳಲ್ಲಿ ಇದ್ದಾರೆ. ದೊಡ್ಡಾಟದ ಮಾತು ಬಲ್ಲವರು, ಶಾಸನ ಓದಿದವರು, ಕಾಲೇಜಿನಲ್ಲಿ ಪಾಠ ಹೇಳುವವರು, ಬಿಜಿಎಂಐ ಆಡುತ್ತಲೇ ಕಥೆ ಬರೆಯುವ ಹುಡುಗ ಹುಡುಗಿಯರು. ಚಿತ್ರವೆಲ್ಲ ಮುಗಿದ ಮೇಲೆ ಅನುವಾದಕ್ಕೆಂದು ಅವರನ್ನು ಕರೆದರೆ ಪ್ರಯೋಜನವಿಲ್ಲ. ಕೋಟೆಯ ಮೊದಲ ಗೆರೆ ಎಳೆಯುವ ಮುಂಚೆಯೇ ಕರೆದು, ತಿದ್ದುವ ಅಧಿಕಾರ ಕೊಟ್ಟು, ಪಾಲು ಬರೆದ ಒಪ್ಪಂದವನ್ನು ಕನ್ನಡದಲ್ಲೇ ಅವರ ಮುಂದಿಡಬೇಕು.